ಮೊದಲ ಹನ್ನೆರಡು ಅಡಿ

ಪ್ರಮಾಣವಚನ ಮುಗಿದಾಗ ಇನ್ನೂ ಹತ್ತು ಗಂಟೆ.
ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣ, ಪಾಲಿಶಿನ ವಾಸನೆ,
ಬಲಗೈ ಎತ್ತಿ ನಿಂತ ಮೂವತ್ತೊಂದು ಜನ.
'ದೇಶ' ಎಂಬ ಮಾತು ಬರುವ ಹೊತ್ತಿಗೆ
ನನ್ನ ಪಕ್ಕದವನಿಗೆ ಸೀನು ಬಂತು.
ಬೂದು ಅಂಗಿ ಕೊಟ್ಟರು, ತೋಳು ಬೆರಳು ಮುಚ್ಚುವಷ್ಟು ಉದ್ದ.
ಬೂಟು ನಾವೇ ತರಬೇಕಿತ್ತು.

ಒಂದು ವರ್ಷವೆಂದರೆ ಇವರ ಲೆಕ್ಕದಲ್ಲಿ
ಸಾವಿರದ ಏಳುನೂರು ಗಂಟೆ.
ಟೊಲೀಡೋದ ಟೈರಂಗಡಿಯಲ್ಲಿ ಗಂಟೆಗೆ
ಇದರ ಎರಡರಷ್ಟು ಸಿಗುತ್ತಿತ್ತಲ್ಲೋ ಎಂದು
ಅಣ್ಣ ರಾಯ್ಸ್ ಫೋನಿನಲ್ಲಿ ಮೂರು ಸಲ ಹೇಳಿದ.
ನಾಲ್ಕನೆಯ ಸಲ ಹೇಳುವಷ್ಟರಲ್ಲಿ
ವ್ಯಾನು ಬೆಟ್ಟದ ತಿರುವು ದಾಟಿ ಸಿಗ್ನಲ್ ಹೋಯಿತು.

ವೆಸ್ಟ್ ವರ್ಜೀನಿಯಾ. ಮಾರ್ಚ್ ತಿಂಗಳು.
ಕಲ್ಲಿದ್ದಲು ಬಗೆದು ಬಿಟ್ಟುಹೋದ ಗುಡ್ಡ,
ಜ್ವರದಿಂದೆದ್ದ ಹುಡುಗನ ತಲೆಯಂತೆ
ಅಲ್ಲಲ್ಲಿ ಎಳೆಯ ಬರ್ಚು.
ಇಲ್ಲಿ ಪಾರ್ಕು ಬರುತ್ತದಂತೆ:
ಒಂಬತ್ತು ಮೈಲಿ ಕಾಲುದಾರಿ, ಒಂದು ಮರದ ಸೇತುವೆ,
ಸುಮ್ಮನೆ ಕೂರಲು ನಾಲ್ಕು ಬೆಂಚು.
ನಕ್ಷೆಯ ಮೇಲೆ ಕೆಂಪು ಚುಕ್ಕೆಗಳು.
ನೆಲದ ಮೇಲೆ ಮುಳ್ಳು, ಮತ್ತೆ ಮುಳ್ಳು,
ಒಂದು ತುಕ್ಕು ಹಿಡಿದ ವಾಷಿಂಗ್ ಮೆಷಿನ್ನು.

ದಾರಿ ಕಾಯುವುದು ಗೊತ್ತಿತ್ತು ನನಗೆ,
ಅಪ್ಪನ ಟ್ರಕ್ಕಿನದು, ಕಾಲೇಜಿನ ಕಾಗದದ್ದು, ಒಬ್ಬ ಹುಡುಗಿಯದು.
ದಾರಿ ಕಡಿಯುವುದು ಗೊತ್ತಿರಲಿಲ್ಲ.

ಕಲಿಸುವವಳು ಲೊರೇನ್ ಸ್ಟಾಲ್ನೇಕರ್, ಅರವತ್ತೊಂದು ವರ್ಷ.
ಹೊಟ್ಟೆಪಾಡಿಗೆ ಅವಳಪ್ಪ ಇದೇ ಗುಡ್ಡದ ಹೊಟ್ಟೆಗಿಳಿದವ.
ಅವಳದು ಬೆನ್ನ ಮೇಲಿನ ಕೆಲಸ.
ಒಂದು ಕಡೆ ಕೊಡಲಿ, ಒಂದು ಕಡೆ ಗುದ್ದಲಿ,
ಪುಲಾಸ್ಕಿ ಅಂತ ಇದರ ಹೆಸರು, ಎಂದಳು.
ಎರಡು ಬಾಯಿ ಇರುವವರನ್ನು ಹೆಗಲಿಗೇರಿಸಬೇಡಿ.
ಕೈಯಲ್ಲಿ ಹಿಡಿಯಿರಿ, ಇಳಿಜಾರಿನ ಕಡೆಗೆ.
ಜಾರಿದರೆ ಎಸೆದು ಬದುಕಬಹುದು.

ಆಮೇಲೆ ನೀರಿನ ಮಾತು.
ದಾರಿಯನ್ನು ತಿನ್ನುವುದು ಕಾಲಲ್ಲ, ಮಳೆ.
ಜಗಳಕ್ಕೆ ಹೋದರೆ ನೀವೇ ಸೋಲುತ್ತೀರಿ.
ದೂರದ ನೆಂಟ ಬಂದ ಅಂದುಕೊಳ್ಳಿ,
ನಗುನಗುತ್ತ ಕರೆಯಿರಿ, ಕೂರಿಸಬೇಡಿ,
ಇನ್ನೊಂದು ಬಾಗಿಲಿಂದ ಬೀಳ್ಕೊಡಿ.
ಜೇಬಿನಿಂದ ಒಂದು ಕಿತ್ತಳೆ ತೆಗೆದು ನೆಲಕ್ಕಿಟ್ಟಳು.
ಇದು ನಿಂತಲ್ಲಿ ನೀರೂ ನಿಲ್ಲುತ್ತೆ.

ಬೇರು. ಬೇರಿನ ಕೆಳಗೆ ಬೇರು.
ಮಾಯ್ ಶೌ ಎತ್ತಿದ ಚಪ್ಪಡಿಯಡಿ ಕೆಂಪು ಸಲಮಾಂಡರ್,
ಕಡ್ಡಿಯಷ್ಟೇ ಉದ್ದ, ಒದ್ದೆ, ಗಾಬರಿ.
ಬಾಲ್ಟಿಮೋರಿನ ಒಡೆಸ್ಸಾ ಕಿರುಚಿ
ಆಮೇಲೆ ಅದಕ್ಕೆ ತನ್ನ ಟೊಪ್ಪಿಯ ನೆರಳು ಹಿಡಿದಳು.
ಅದು ಎದ್ದು ಹೋಗುವತನಕ ಐದು ಜನ
ದೇಶದ ಖರ್ಚಿನಲ್ಲಿ ಸುಮ್ಮನೆ ನಿಂತೆವು.

ಕೈ ಕೆಸರಾಯಿತು, ಮೊಣಕೈವರೆಗೂ.
ಬಾಯಿಗೆ ಬಂದದ್ದು ಮೊಸರಲ್ಲ,
ಚಳಿಗೆ ಗಟ್ಟಿಯಾದ ಕಡಲೆಕಾಯಿ ಬೆಣ್ಣೆ, ಒಣ ಬ್ರೆಡ್ಡು.
ಇಂಥ ರುಚಿ ಮಾತ್ರ, ಆಣೆಗೂ, ನಾನು ಕಂಡಿರಲಿಲ್ಲ.

ನಾಲ್ಕೂವರೆಗೆ ಕಿತ್ತಳೆ ಇಟ್ಟೆವು.
ಉರುಳಲಿಲ್ಲ.
ನಮ್ಮನ್ನೇ ನೋಡುತ್ತ ಕೂತಿತು.
ಲೊರೇನ್ ಏನೂ ಅನ್ನದೆ ಗುದ್ದಲಿ ಚಾಚಿದಳು.
ಮತ್ತೆ ಅಗೆದು, ಕೆರೆದು, ತುಳಿದು
ಕತ್ತಲಾಗುವಾಗ ಇಟ್ಟರೆ
ಅದು ಒಂದು ಕ್ಷಣ ಯೋಚಿಸಿ
ಹೊರ ಅಂಚಿಗೆ ಹೊರಳಿತು.
ಲೊರೇನ್ ಅದನ್ನು ಸುಲಿದು ಎಲ್ಲರಿಗೂ ಎರಡೆರಡು ತೊಳೆ ಕೊಟ್ಟಳು.

ಹನ್ನೆರಡು ಅಡಿ. ಹಾಳೆಯಲ್ಲಿ ಬರೆದೆ: ಎಂಟು ಗಂಟೆ.
ಉಳಿದದ್ದು ಸಾವಿರದ ಆರುನೂರ ತೊಂಬತ್ತೆರಡು.

ರಾತ್ರಿ ಟೆಂಟಿನ ಮೇಲೆ ಮಳೆ.
ಕಣ್ಣು ಮುಚ್ಚಿದರೆ ನೆಂಟ ಎಲ್ಲಿ ಕೂತನೋ ಎಂಬ ಯೋಚನೆ.
ಹೊರಗೆ ಬಂದರೆ ಒಡೆಸ್ಸಾ ಆಗಲೇ
ಹಣೆಗೆ ದೀಪ ಕಟ್ಟಿಕೊಂಡು ನಿಂತಿದ್ದಾಳೆ.
ಇಬ್ಬರೂ ನಾಚಿಕೊಂಡೇ ಹೋದೆವು.
ಹತ್ತು ಅಡಿ ಚೆನ್ನಾಗಿತ್ತು.
ಹನ್ನೊಂದನೆಯದರಲ್ಲಿ ಅಂಗೈಯಗಲ ನೀರು,
ಹೋಗಲೋ ಬೇಡವೋ ಎನ್ನುತ್ತಿತ್ತು.
ಅವಳು ಹಿಮ್ಮಡಿಯಿಂದ ಒಂದು ಗೆರೆ ಎಳೆದಳು,
ನಾನು ಇನ್ನೊಂದು.
ಹೋಯಿತು.

ಇದನ್ನೂ ಗಂಟೆಗೆ ಸೇರಿಸೋಣವಾ, ಎಂದಳು.
ಬೂಟಿನ ತುಂಬ ನೀರು. ಹತ್ತು ನಿಮಿಷದ ಕೆಲಸ.
ಬರೆಯಲಿಲ್ಲ.